ನಡುವಿನ ಒಂಬತ್ತು ಸಾಲು

“ಇಲ್ಲದ ಮಕ್ಕಳಿಗೆ ಪೋಲಿಯೊ ಹನಿ ಹಾಕಿದೀಯಲ್ಲ, ಈ ನೂರಾ ನಲವತ್ತೆರಡು ಮಕ್ಕಳು ಎಲ್ಲಿಂದ ಬಂದ್ರು?”

“ನಾನೇ ಹೆತ್ತೆ ಅಂತ ಬರ್ಕೊಳ್ಳಿ,” ಎಂದಳು ನರ್ಸ್.

ಕೇಳಿದವನು ಜನಗಣತಿ ಗುಮಾಸ್ತ, ಅವಳ ಗಂಡ. ಐದು ವರ್ಷದ ಹಿಂದೆ ಮಿಲ್ಲಿನ ಕೇರಿಯಲ್ಲಿ ಹನಿ ಹಾಕಿದ್ದು ಮುನ್ನೂರ ತೊಂಬತ್ತೆರಡು ಮಕ್ಕಳಿಗೆ ಎಂದು ಅವಳ ಪುಸ್ತಕದಲ್ಲಿತ್ತು. ಆ ವರ್ಷ ಅಲ್ಲಿದ್ದದ್ದೇ ಇನ್ನೂರ ಐವತ್ತು ಎಂದು ಅವನ ಪಟ್ಟಿಯಲ್ಲಿತ್ತು. ಸುಳ್ಳು ದಾಖಲೆ ಎಂಬ ವರದಿ ಸಂಜೆ ಮೇಲಕ್ಕೆ ಹೋದರೆ ಅವಳ ಕೆಲಸ ಹೋದಂತೆಯೇ. ಹೆಂಡತಿಯೆಂದು ಮುಚ್ಚಿಟ್ಟರೆ ತನ್ನ ನಿಯತ್ತು ಹೋಯಿತೆಂದು ಅವನ ಹಟ.

ಗಲಾಟೆಗೆ ದಾಖಲೆ ಕೋಣೆಯಿಂದ ಅವನ ಅಕ್ಕ ಎದ್ದು ಬಂದಳು. ಕಚೇರಿಯ ಹಳೆಯ ಕಡತಗಳೆಲ್ಲ ಅವಳ ಸುಪರ್ದಿ. ತಮ್ಮನ ಮೂಗಿನ ತುದಿಯ ಕೋಪವೂ ಅವಳದೇ ಸುಪರ್ದಿ. ಇಬ್ಬರನ್ನೂ ಗದರಿ ಕೂರಿಸಿ ಪಟ್ಟಿಯಲ್ಲಿದ್ದ ವರ್ಷವರ್ಷದ ಮಕ್ಕಳ ಲೆಕ್ಕ ಓದಿದಳು. ನಾನೂರು, ಮುನ್ನೂರ ಎಪ್ಪತ್ತು, ಮುನ್ನೂರ ನಲವತ್ತು... ಕೊನೆಗೆ ನೂರು.

ಕೇರಿಯ ಬಗ್ಗೆ ಒಂದೆರಡು ಮಾತು ಕೇಳಿದಳು. ಮಿಲ್ಲು ಮುಚ್ಚಿ ಎರಡು ವರ್ಷವೂ ಆಗಿಲ್ಲವೆಂದು ನರ್ಸ್ ಹೇಳಿದಳು. ಅಕ್ಕ ಒಳಗೆ ಹೋಗಿ ದೂಳು ಹಿಡಿದ ಪುಸ್ತಕವೊಂದನ್ನು ತಂದಳು. ಮಿಲ್ಲಿನ ಮನೆಗಳ ಬೀಗದ ಕೈ ಯಾರು ಯಾವಾಗ ಒಪ್ಪಿಸಿದರೆಂಬ ಲೆಕ್ಕ ಅದರಲ್ಲಿತ್ತು.

“ಎಂಟು ವರ್ಷ ಒಂದು ಬೀಗದ ಕೈಯೂ ವಾಪಸು ಬಂದಿಲ್ಲ. ಒಂಬತ್ತನೇ ವರ್ಷ, ಮಿಲ್ಲು ಮುಚ್ಚಿದ ಮೇಲೆ, ಒಂದೇ ತಿಂಗಳಲ್ಲಿ ಇನ್ನೂರ ಹತ್ತು ಬಂದಿವೆ. ಲೋ, ನಿನ್ನ ಪಟ್ಟೀಲಿ ಪ್ರತಿ ವರ್ಷ ಸರಿಯಾಗಿ ಮೂವತ್ತೇ ಮಕ್ಕಳು ಕಮ್ಮಿ. ಸಾಲಲ್ಲಿ ನಿಂತು, ಚೀಟಿ ತಗೊಂಡು ಊರು ಬಿಟ್ರೇನೋ?”

ಗುಮಾಸ್ತ ಪಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡ.

“ಗಣತಿ ಆಗಿದ್ದು ಎಷ್ಟು ಸಲ?”

“ಎರಡು. ಮೊದಲ್ನೇ ವರ್ಷ, ಹತ್ತು ವರ್ಷ ಆದ್ಮೇಲೆ ಈಗ.”

“ನಡುವಿನ ಒಂಬತ್ತು ಸಾಲು?”

“ಕಮ್ಮಿಯಾದ ಮುನ್ನೂರನ್ನ ಹತ್ತು ವರ್ಷಕ್ಕೆ ಸಮ ಭಾಗಿಸಿದೆ.”

“ಅಷ್ಟೇ. ಅಪರಾಧಿ ನಿನ್ನ ಭಾಗಾಕಾರ. ಅವಳು ಮಕ್ಕಳನ್ನ ಬಾಯಿ ತೆರೆಸಿ ಎಣಿಸಿದ್ಲು, ನೀನು ಕೂತಲ್ಲೇ ಕರಗಿಸಿದೆ.”

ನರ್ಸ್ ಎದ್ದಳು. ಲಸಿಕೆಯ ಪೆಟ್ಟಿಗೆ ಹೆಗಲಿಗೇರಿಸಿ ಹೊರಟೇಹೋದಳು.

“ವಾಪಸು ಬರ್ತಾಳಾ ಅಕ್ಕಾ?”

“ಇಲ್ಲಿಗೆ ಯಾಕೆ ಬರ್ಬೇಕು? ಆ ಪೆಟ್ಟಿಗೆ ಭಾರ ಇದೆ, ನೀನೇ ಹೋಗು.”

ಅವನು ವರದಿಯನ್ನು ನಾಲ್ಕು ಚೂರು ಮಾಡಿದ. ಪಟ್ಟಿಯ ಒಂಬತ್ತು ಸಾಲಿನ ಪಕ್ಕ ‘ಅಂದಾಜು, ಎಣಿಸಿದ್ದಲ್ಲ’ ಎಂದು ಬರೆದು, ಕನ್ನಡಕವನ್ನೂ ಮರೆತು ಹೊರಗೆ ಓಡಿದ. ಕಚೇರಿ ಮುಚ್ಚುವ ಹೊತ್ತಿಗೂ ತಿರುಗಿ ಬರಲಿಲ್ಲ. ಅಕ್ಕ ಕನ್ನಡಕ ಒರೆಸಿ, ತನ್ನ ಚೀಲದಲ್ಲಿಟ್ಟುಕೊಂಡು ಬೀಗ ಹಾಕಿದಳು.