ಅರವತ್ತು, ಎರಡು ಹೆಚ್ಚುಕಮ್ಮಿ

"ರೀ! ಕದಲಬೇಡಿ!"

ಅವಳು ಕೂಗಿದ ರಭಸಕ್ಕೆ ಮೂರು ಬೀದಿ ಆಚೆಗಿನ ಗೋಪುರದ ಗಡಿಯಾರ ನಿಂತುಹೋಯಿತು. ಸುಳ್ಳೆನ್ನುವವರು ಹೋಗಿ ನೋಡಲಿ, ಇವತ್ತಿಗೂ ಹನ್ನೊಂದು ಇಪ್ಪತ್ತನ್ನೇ ತೋರಿಸುತ್ತಿದೆ!

ಗರಗರ ತಿರುಗುವ ಲೇತ್ ಯಂತ್ರದ ಮೇಲೆ ಬಗ್ಗಿ ನಿಂತಿದ್ದ ಅಪರಿಚಿತನನ್ನು ಹಿಂದಕ್ಕೆಳೆದು, ಅವನ ಟೈಯನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿಬಿಟ್ಟಳು.

"ಲೇತ್ ಮುಂದೆ ಟೈ ಕಟ್ಕೊಂಡು ಬಗ್ತೀರಲ್ಲ, ಮನೇಲಿ ಹೇಳಿ ಬಂದಿದೀರಾ?"

ಅವನು ಕತ್ತು ಸವರಿಕೊಂಡ. "ಟೈ ಹೋದ್ರೆ ಹೋಗ್ಲಿ, ತಲೆ ಇದೆಯಲ್ಲ… ಥ್ಯಾಂಕ್ಸ್."

"ಇದೆಯಾ? ಬಳಸಿದ್ದು ಕಾಣಿಸ್ಲಿಲ್ಲ!"

ವರ್ಕ್‌ಶಾಪಿನ ಹುಡುಗ ಹುಡುಗಿಯರೆಲ್ಲ ಹೋ ಎಂದು ನಕ್ಕರು. ಅವರ ಪಾಲಿಗೆ ಅವಳು ಲೇತಕ್ಕ, ಆ ಎಂಜಿನಿಯರಿಂಗ್ ವಿಶ್ವವಿದ್ಯಾಲಯದ ವರ್ಕ್‌ಶಾಪ್ ಶಿಕ್ಷಕಿ. ಅವಳ ಅಪ್ಪ ಮೂವತ್ತು ವರ್ಷ ದುಡಿದದ್ದೂ ಅಲ್ಲೇ. ಅವಳು ನುಣುಪು ಮಾಡಿದ ಕಬ್ಬಿಣದ ಮೇಲೆ ಕಾಲಿಟ್ಟ ಇರುವೆ ಜಾರಿಬಿದ್ದು ಸೊಂಟ ಮುರಿದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವನು? ಎಂಜಿನಿಯರಿಂಗ್ ಓದಲು ಜಗತ್ತಿನಲ್ಲೇ ಶ್ರೇಷ್ಠವಾದ ನೂರು ವಿಶ್ವವಿದ್ಯಾಲಯಗಳ ಪಟ್ಟಿ ಮಾಡುವ ಕಚೇರಿಯಿಂದ ಬಂದವನು. ಸಂಜೆಯೊಳಗೆ ಅವನಿಗೂ ಹೆಸರು ಬಿತ್ತು: ಪಟ್ಟಿ ಸಾಹೇಬ.

"ಜಗತ್ತಿನ ದೊಡ್ಡ ದೊಡ್ಡ ವಿಶ್ವವಿದ್ಯಾಲಯ ಎಲ್ಲಾ ಸುತ್ತಿದೀನಿ. ವರ್ಕ್‌ಶಾಪಿನೊಳಗೆ ಕಾಲಿಟ್ಟದ್ದು ಇದೇ ಮೊದಲು."

"ಮತ್ತೆ ಹೇಗ್ರೀ ರ್‍ಯಾಂಕ್ ಕೊಟ್ರಿ? ಗೇಟಲ್ಲಿ ನಿಂತು ವಾಸನೆ ನೋಡಿನಾ?"

ಒಂದು ದಿನಕ್ಕೆಂದು ಬಂದವನು ನಾಲ್ಕು ದಿನ ಉಳಿದ. ಅವಳು ಕಬ್ಬಿಣ ಉಜ್ಜುವ ಅರ, ಒಂದು ಕಬ್ಬಿಣದ ತುಂಡು ಕೊಟ್ಟು, ಉಜ್ಜಿ ದಾಳದಂಥ ಘನ ಮಾಡಿ ಎಂದಳು. ಮೊದಲ ದಿನ ಅದು ಆಲೂಗಡ್ಡೆಯಂತಿತ್ತು. ನಾಲ್ಕನೆಯ ದಿನ ಆರೂ ಮುಖ ನೆಟ್ಟಗಾದವು. ಅಂಗೈ ಮಾತ್ರ ಬೊಬ್ಬೆಯೋ ಬೊಬ್ಬೆ! ಕತ್ತರಿಸಿದ ಟೈ ತುಂಡಿನಿಂದಲೇ ಅವಳು ಅದಕ್ಕೆ ಪಟ್ಟಿ ಕಟ್ಟಿದಳು.

'ಗಂಟು ಹಾಕಿ ಆಯ್ತಲ್ಲ… ಇವನ ಕೈ ಬಿಡೋಕೆ ಯಾಕೆ ಮನಸ್ಸಾಗ್ತಿಲ್ಲ?'

ಮೂರು ವಾರ ಕಳೆಯಿತು. ಒಂದು ಮಂಗಳವಾರ ನೂರು ವಿಶ್ವವಿದ್ಯಾಲಯಗಳ ಪಟ್ಟಿ ಬಂತು. ನಲವತ್ತೊಂದನೆಯ ಸ್ಥಾನದಲ್ಲಿದ್ದ ವಿಶ್ವವಿದ್ಯಾಲಯ ತೊಂಬತ್ತಮೂರಕ್ಕೆ ಜಾರಿತ್ತು! ಕುಲಪತಿಗಳು ಅವಳನ್ನು ಕರೆಸಿದರು.

"ವರ್ಕ್‌ಶಾಪಿಗೆ ಸೊನ್ನೆ ಅಂಕ ಕೊಟ್ಟಿದಾರೆ, ನೋಡಮ್ಮ. ಸೋಮವಾರ ಬೀಗ ಹಾಕಿಸ್ತೀನಿ. ಯಂತ್ರಗಳೆಲ್ಲ ಗುಜರಿಗೆ."

"ಸಾರ್, ಆ ಮಕ್ಕಳು ಕಲಿಯೋದೇ ಅಲ್ಲಿ…"

"ಜಗತ್ತೇ ನಂಬೋ ಪಟ್ಟಿ ಕಣಮ್ಮ. ಅವರಿಗಿಂತ ನಿನಗೆ ಗೊತ್ತಾ?"

ಸೊನ್ನೆ! ಆ ಹೊತ್ತಿನಲ್ಲಿ ಅವಳ ಹಣೆಯ ಮೇಲೆ ಇಟ್ಟಿದ್ದರೆ ಕಬ್ಬಿಣವೂ ಕೆಂಪಗೆ ಕಾಯುತ್ತಿತ್ತು.

'ನಾಲ್ಕು ದಿನ ನನ್ನ ಅರ ಹಿಡ್ಕೊಂಡು ನಕ್ಕವನು… ಸೊನ್ನೆ ಕೊಟ್ನಾ?'

ಅವನ ಫೋನು ಬಂತು. ಎತ್ತಲಿಲ್ಲ. ಮತ್ತೆ ಬಂತು. ಎತ್ತಲಿಲ್ಲ. ಶನಿವಾರದ ಹೊತ್ತಿಗೆ ಅಪ್ಪನಿಗೇ ಕನಿಕರ ಹುಟ್ಟಿತು.

"ಎತ್ತಿ ಒಂದ್ಸಲ ಬೈದಾದ್ರೂ ಬಿಡೇ ಮಗಳೇ, ಫೋನಿಗೂ ಸುಸ್ತಾಗಿದೆ."

"ಅವನ ಹೆಸರೆತ್ತಬೇಡಪ್ಪ!"

ಸೋಮವಾರ ಕುಲಪತಿಗಳು ಬೀಗ ಹಿಡಿದು ಬಂದರು. ಅವಳು ವರ್ಕ್‌ಶಾಪಿನ ಬಾಗಿಲಿಗೆ ಅಡ್ಡ ನಿಂತಳು. ಅಷ್ಟರಲ್ಲಿ ಗಡ್ಡ ಬಿಟ್ಟು, ಟೈ ಇಲ್ಲದೆ, ಏದುಸಿರು ಬಿಡುತ್ತ ಅವನು ಓಡಿಬಂದ.

"ಬಂದ್ರು ಸೊನ್ನೆ ಸಾಹೇಬ್ರು, ದಾರಿ ಬಿಡಿ!"

"ಎಷ್ಟು ಬೇಕಾದ್ರೂ ಬೈಯಿರಿ. ಮೊದಲು ಇದನ್ನ ಓದಿ."

ಅದು ವಿಶ್ವವಿದ್ಯಾಲಯದಿಂದ ಹೋಗಿದ್ದ ಫಾರಂ. ಹಿಂದೆಲ್ಲ ಗುಮಾಸ್ತರು ತುಂಬುತ್ತಿದ್ದದ್ದನ್ನು ಈ ವರ್ಷ ಅವಳೇ ತುಂಬಿದ್ದಳು. 'ವರ್ಕ್‌ಶಾಪಿನಲ್ಲಿ ಕಲಿಯುವವರ ಸಂಖ್ಯೆ' ಎಂಬುದರ ಮುಂದೆ ಅವಳದೇ ದುಂಡು ಅಕ್ಷರ: ಅರವತ್ತು, ಎರಡು ಹೆಚ್ಚುಕಮ್ಮಿ.

ಎಷ್ಟು ಹೆಚ್ಚಾಗಬಹುದು, ಎಷ್ಟು ಕಮ್ಮಿಯಾಗಬಹುದು ಎಂದು ಹೇಳದೆ ಯಾವ ಅಳತೆಯನ್ನೂ ಬರೆಯಕೂಡದು. ಎಂಟನೆಯ ವಯಸ್ಸಿನಲ್ಲೇ ಅಪ್ಪ ಕಲಿಸಿದ್ದ ಪಾಠ ಅದು. ಕಬ್ಬಿಣದ ಸರಳಾದರೇನು, ಮಕ್ಕಳಾದರೇನು?

"ಕಂಪ್ಯೂಟರಿಗೆ ಬರೀ ಅಂಕಿ ಬೇಕು. ಅಕ್ಷರ ಕಂಡ್ರೆ ಸೊನ್ನೆ ಹಾಕಿಬಿಡತ್ತೆ. ಯಾರೂ ತೆರೆದು ನೋಡ್ಲಿಲ್ಲ. ನಾನೂ ನೋಡ್ಲಿಲ್ಲ… ಅದು ನನ್ನ ತಪ್ಪು."

ಅವಳ ಮುಖ ಒಂದು ಕ್ಷಣ ಚಿಕ್ಕದಾಯಿತು. ಮರುಕ್ಷಣ ಇಮ್ಮಡಿ ಉರಿಯಿತು.

"ಪ್ರತಿ ವರ್ಷ ಇಬ್ರು ಪಕ್ಕದ ವಿಭಾಗದಿಂದ ಕದ್ದು ಬರ್ತಾರೆ, ಇಲ್ಲಾ ಇಬ್ರು ಹೆದರ್ಕೊಂಡು ಓಡ್ತಾರೆ. ಇದ್ದದ್ದು ಇದ್ದ ಹಾಗೆ ಬರೆದವಳಿಗೆ ಸೊನ್ನೆನಾ? ಜಗತ್ತನ್ನೇ ಅಳೆಯೋಕೆ ಹೊರಟಿದೀರಿ, ಅಳತೆ ಅಂದ್ರೆ ಏನೂಂತ ಗೊತ್ತಿಲ್ವಾ?"

"ನಾನೂ ಆಫೀಸಲ್ಲಿ ಇದನ್ನೇ ಕೇಳ್ದೆ. 'ಅಳಿಸಿ ಬರೀ ಅರವತ್ತು ಅಂತ ಹಾಕು, ಐದು ನಿಮಿಷದ ಕೆಲಸ' ಅಂದ್ರು."

"ಹಾಕಿದ್ರಾ?"

"ನಿಮ್ಮ ಅಕ್ಷರ ಅಳಿಸೋಕೆ ಕೈ ಬರ್ಲಿಲ್ಲ… ಐದು ದಿನ ಜಗಳ ಆಡಿ ಫಾರಂ ಬದಲಾಯಿಸಿದೆ. ಇನ್ಮೇಲೆ ಜಗತ್ತಿನ ಎಲ್ಲಾ ವಿಶ್ವವಿದ್ಯಾಲಯದವರೂ ಹೆಚ್ಚುಕಮ್ಮಿ ಬರೀಬಹುದು. ಅದಕ್ಕೇ ಒಂದು ಖಾನೆ ಮಾಡ್ಸಿದೀನಿ."

ತಿದ್ದಿದ ಪಟ್ಟಿಯನ್ನು ಕುಲಪತಿಗಳ ಕೈಗಿಟ್ಟ. ಮೂವತ್ತೊಂಬತ್ತನೆಯ ಸ್ಥಾನ!

"ನಾನು ಮೊದಲೇ ಹೇಳಿರ್ಲಿಲ್ವಾ, ವರ್ಕ್‌ಶಾಪೇ ನಮ್ಮ ಹೆಮ್ಮೆ ಅಂತ!" ಕುಲಪತಿಗಳು ಮೆಲ್ಲಗೆ ಬೀಗವನ್ನು ಜೇಬಿಗಿಳಿಸತೊಡಗಿದರು.

"ಅದನ್ನ ಇಲ್ಲಿ ಕೊಡಿ ಸಾರ್." ಅವಳು ಬೀಗವನ್ನು ಕಸಿದು ಗುಜರಿ ಪೆಟ್ಟಿಗೆಗೆ ಎಸೆದಳು. ಆ ಸದ್ದಿಗೆ ನಾಲ್ಕು ಊರಿನ ಕುಲಪತಿಗಳು ಬೆಚ್ಚಿಬಿದ್ದರಂತೆ.

ಎಲ್ಲರೂ ಚದುರಿದ ಮೇಲೆ ಅವನು ಕೇಳಿದ. "ಫೋನ್ ಯಾಕೆ ಎತ್ತಲಿಲ್ಲ?"

"ಎತ್ತಿದ್ರೆ ಅಳು ಬರ್ತಿತ್ತು. ಬೈಯೋಕೆ ಆಗ್ತಿರ್ಲಿಲ್ಲ."

"ಈಗ?"

"ಈಗ… ಎರಡೂ ಬರ್ತಿದೆ."

ಅವನು ಅಂಗೈ ಬಿಚ್ಚಿದ. ಬೊಬ್ಬೆ ವಾಸಿಯಾಗಿತ್ತು. ಟೈ ತುಂಡು ಇನ್ನೂ ಅಲ್ಲೇ ಇತ್ತು.

"ನಿಮ್ಮ ಜೊತೆ ಬದುಕ್ಬೇಕು ಅನ್ನಿಸ್ತಿದೆ…"

"ಅಂದಾಜಲ್ಲಿ ಮಾತಾಡ್ಬೇಡಿ. ಎಷ್ಟು ವರ್ಷ?"

"ಐವತ್ತು."

"ಹೆಚ್ಚುಕಮ್ಮಿ?"

"ಹೆಚ್ಚು ಎಷ್ಟಾದ್ರೂ ಆಗ್ಲಿ. ಕಮ್ಮಿ… ಸೊನ್ನೆ."

ಅವಳು ಅವನ ಅಂಗೈಯನ್ನು ತನ್ನ ಮಸಿ ಹತ್ತಿದ ಕೈಯೊಳಗೆ ಮುಚ್ಚಿಕೊಂಡಳು.

"ಹ್ಞೂಂ… ಈ ಸೊನ್ನೆ ಇರ್ಲಿ ಬಿಡಿ."