ಒಗೆಯದ ನೈಟಿ

"ನನಗೆ ಈ ಮಮ್ಮಿ ಬೇಡ! ಇವಳು ಫೋನಿನ ಮಮ್ಮಿ! ಗೋ ಅವೇ!"

ನಾಲ್ಕು ವರ್ಷದ ರಿಯೋನಾ ಅಜ್ಜಿಯ ನೈಟಿಯಲ್ಲಿ ಮುಖ ಹುದುಗಿಸಿ ಕಿರುಚಿದಳು. ಕುವೈತಿನ ಮಹಬೂಲಾದ ಆ ಎರಡು ಕೋಣೆಯ ಮನೆಯ ಬಾಗಿಲಲ್ಲಿ, ಮೂರು ವರ್ಷದ ಮೇಲೆ ಆಸ್ಟ್ರೇಲಿಯಾದಿಂದ ಬಂದ ಜೋಯ್ಸ್ ಹೆಗಲ ಚೀಲವನ್ನೂ ಇಳಿಸದೆ ನಿಂತಿದ್ದಳು. ಮಗಳಿಗಾಗಿ ಚಾಚಿದ ಕೈಗಳು ಚಾಚಿದ ಹಾಗೆಯೇ ಉಳಿದವು...

"ಮಗುವಿನ ತಪ್ಪಲ್ಲ ಮಾರಾಯ್ತಿ," ಎಂದಳು ಅತ್ತೆ ಆಗ್ನೆಸ್, ಮೊಮ್ಮಗಳ ತಲೆ ಸವರುತ್ತ. "ಬರೇ ಹೆತ್ತರೆ ತಾಯಿ ಆಗುದಿಲ್ಲ."

ಈ ಮಾತು ಯಾರ ಬಾಯಿಂದ ಬಂತು ನೋಡಿ! ಜೋಯ್ಸಳನ್ನು ಹೊರಡಿಸಿದವಳೇ ಆಗ್ನೆಸ್. ಮಗ ರಾನ್ಸನ್‌ಗೆ ಶುವೈಖಿನ ಗ್ಯಾರೇಜಿನಲ್ಲಿ ಕೆಲಸ ಹೋದಾಗ, "ಆಸ್ಟ್ರೇಲಿಯಾದಲ್ಲಿ ಅಡುಗೆಯವರು ಬೇಕಂತೆ. ನೀನು ಮೊದಲು ಹೋಗು, ಆಮೇಲೆ ಇವರನ್ನು ಕರೆಸಿಕೋ. ಮಗುವನ್ನು ನಾನು ನೋಡ್ತೇನೆ," ಎಂದಿದ್ದಳು. ಆಗ ರಿಯೋನಾ ಎದೆಹಾಲು ಬಿಟ್ಟು ಹೆಚ್ಚು ದಿನವಾಗಿರಲಿಲ್ಲ. ಆಮೇಲೆ ರಾನ್ಸನ್‌ಗೆ ಬೇರೆ ಗ್ಯಾರೇಜು ಸಿಕ್ಕಿತು. ಆದರೆ ಹೋದವಳು ಹೋಗಿಯಾಗಿತ್ತು.

ಅವಳು ಸೇರಿದ್ದು ಸಾವಿರಾರು ದನ ಸಾಕುವ ಒಂದು ಬಯಲನ್ನು. ಈ ಬೇಲಿಯಿಂದ ಆ ಬೇಲಿಗೆ ಗಾಡಿಯಲ್ಲಿ ಅರ್ಧ ದಿನದ ದಾರಿ. ಎತ್ತ ನೋಡಿದರೂ ಕೆಂಪು ಧೂಳು. ಹೆಲಿಕಾಪ್ಟರಿನಲ್ಲಿ ಹಾರಿ ದನ ಅಟ್ಟುವ ಗಂಡಸರಿಗೆ ಬೆಳಕು ಹರಿಯುವ ಮೊದಲೇ ಚಹಾ, ಮಾಂಸ, ಬ್ರೆಡ್ಡು ಸಿದ್ಧವಾಗಬೇಕು. ಸಂಜೆಯಾದರೆ ಕಾಡುನಾಯಿಗಳ ಊಳು. ಇತ್ತ ಮಾವ ಡೋಲ್ಫಿ ಶುವೈಖ್ ಬಂದರಿನಲ್ಲಿ ಹಡಗಿನಿಂದ ಕುರಿ ದನ ಇಳಿಸುವ ಕೆಲಸದವನು. ಆಸ್ಟ್ರೇಲಿಯಾದ ದನ ಬಂದಿಳಿದ ದಿನ ಒಂದರ ಬೆನ್ನು ತಟ್ಟಿ, "ನಮ್ಮ ಜೋಯ್ಸನ್ನು ಕಂಡಿಯೇನೇ?" ಎಂದು ಕೇಳುವನು. ಮನೆಗೆ ಬಂದರೆ ಆಗ್ನೆಸಳ ಬೈಗಳು: "ಮೊದಲು ಬಚ್ಚಲಿಗೆ ಹೋಗಿ! ನಿಮ್ಮ ದನದ ವಾಸನೆ!" ಅವನ ಅಂಗಿ ನೇರ ಬಕೆಟಿಗೆ ಬೀಳಬೇಕು. ಅಲ್ಲಿಂದ ದನಗಳು ಬರುತ್ತಲೇ ಇದ್ದವು. ಸೊಸೆಗೆ ಮಾತ್ರ ಕಾಗದಪತ್ರ ಆಗುವ ತನಕ ಬರಲು ಆಗಲಿಲ್ಲ.

ಆ ಸೀಮೆಯಲ್ಲಿ ಒಂದು ರೂಢಿ ಉಂಟು. ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತ ಕಾಂಗರೂ ಕಂಡರೆ ಗಾಡಿ ನಿಲ್ಲಿಸಿ ಅದರ ಹೊಟ್ಟೆಯ ಚೀಲ ನೋಡುತ್ತಾರೆ, ಮರಿ ಬದುಕಿದ್ದರೂ ಇರಬಹುದೆಂದು. ಹಾಗೆ ಸಿಕ್ಕಿದ ಒಂದು ಮರಿಯನ್ನು ಜೋಯ್ಸ್ ಬಟ್ಟೆಯ ಚೀಲದಲ್ಲಿಟ್ಟು, ಅಡುಗೆಮನೆಯ ಬಾಗಿಲ ಹಿಡಿಗೆ ತೂಗುಹಾಕಿ, ಬಾಟಲಿಯಲ್ಲಿ ಹಾಲು ಕುಡಿಸಿದಳು. ಮಗಳು ನಗಲಿ ಎಂದು ಫೋನಿನಲ್ಲಿ ಅದನ್ನು ತೋರಿಸಿದಳು. ಅದೇ ಅವಳು ಮಾಡಿದ ತಪ್ಪು! ಫೋನು ಇಟ್ಟ ಮೇಲೆ ಆಗ್ನೆಸ್, ಮುದ್ದಿನಿಂದ ‘ಬಾಯಿ’ ಎಂದು ಕರೆದು, ಹೇಳಿಕೊಟ್ಟಳು: "ನೋಡಿದಿಯಾ ಬಾಯಿ? ನಿನ್ನ ಮಮ್ಮಿಗೆ ಅಲ್ಲಿ ಬೇರೆ ಮಗು ಉಂಟು. ನೀನು ನನ್ನ ಮಗು."

ಈಗ ರಾನ್ಸನ್‌ಗೂ ರಿಯೋನಾಳಿಗೂ ವೀಸಾ ಬಂದಿತ್ತು, ಮೂವರ ಟಿಕೆಟೂ ಆಗಿತ್ತು. ಹೊರಡುವ ದಿನ ಹತ್ತಿರ ಬಂದರೂ ರಿಯೋನಾ ತಾಯಿಯ ಕೈಯ ತುತ್ತು ಮುಟ್ಟಲಿಲ್ಲ. ರಾನ್ಸನ್ ಉಗುರು ಕಚ್ಚುತ್ತ, "ನನ್ನ ಮಮ್ಮಿ ಹೇಳುದೂ ಸರಿ. ಇವಳು ಇಲ್ಲೇ ಇರ್ಲಿ, ನಾನೂ ಇರ್ತೇನೆ," ಎಂದ.

"ಎಳಕೊಂಡು ಹೋಗುದಾದ್ರೆ ಹೋಗು!" ಎಂದಳು ಆಗ್ನೆಸ್. "ಏರ್‌ಪೋರ್ಟಿನಲ್ಲಿ ಅವಳು ಬೊಬ್ಬೆ ಹಾಕಿದ್ರೆ ಮಕ್ಕಳ ಕಳ್ಳಿ ಅಂತ ನಿನ್ನನ್ನೇ ಹಿಡೀತಾರೆ."

ಜೋಯ್ಸ್ ಅಳಲಿಲ್ಲ. ಅತ್ತೆಯ ಮುಂದೆ ನೆಲದ ಮೇಲೆ ಕುಳಿತಳು.

"ಮಾಂಯ್, ಅಲ್ಲಿ ಮರಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಕೊಡುವಾಗ ಅದು ಮಲಗಿದ ಬಟ್ಟೆಯನ್ನೂ ಕೊಡ್ತಾರೆ, ಒಗೆಯದೆ. ಗುರುತಿನ ವಾಸನೆ ಇಲ್ಲದಿದ್ರೆ ಅದು ಹಾಲು ಮುಟ್ಟುದಿಲ್ಲ... ನಿಮ್ಮದೊಂದು ನೈಟಿ ಕೊಡಿ. ಒಗೆಯದ್ದು."

"ನನ್ನ ಮೈಯ ವಾಸನೆಯೂ ಬೇಕಾ ನಿನಗೆ? ಚರ್ಮವನ್ನೇ ಸುಲಿದು ಕೊಡ್ಲಾ?"

ಮೂಲೆಯಲ್ಲಿ ಕುಳಿತಿದ್ದ ಡೋಲ್ಫಿ ಆ ಮನೆಯಲ್ಲಿ ಎಂದೂ ದೊಡ್ಡ ಮಾತಾಡಿದವನಲ್ಲ. ಅಂದು ಮೆಲ್ಲಗೆ ಕೇಳಿದ:

"ಆಗ್ನೆಸ್, ರಾನ್ಸನ್‌ನನ್ನು ಊರಲ್ಲಿ ಒಲಿಂಡಾ ಅಕ್ಕನ ಹತ್ರ ಬಿಟ್ಟು ನೀನು ಇಲ್ಲಿಗೆ ಬಂದೆಯಲ್ಲ. ರಜೆಯಲ್ಲಿ ಹೋದಾಗ ಅವ ನಿನ್ನನ್ನು ಎಂತ ಕರೀತಿದ್ದ?"

ಆಗ್ನೆಸ್ ತೊಟ್ಟ ನೈಟಿಯ ಅಂಚನ್ನು ಬೆರಳಿಗೆ ಸುತ್ತತೊಡಗಿದಳು.

"ಹೇಳು."

"ಕುವೈತ್ ಆಂಟಿ..." ಎಂದಳು, ಯಾರಿಗೂ ಕೇಳಿಸದ ಹಾಗೆ. ರಾನ್ಸನ್ ತಲೆ ತಗ್ಗಿಸಿದ.

"ನಿನಗೆ ಆದದ್ದು ಇವಳಿಗೂ ಆಗಬೇಕಾ?"

ಆಗ್ನೆಸ್ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಬಂದಾಗ ಮೈಮೇಲೆ ಬೇರೆ ಬಟ್ಟೆ ಇತ್ತು. ತೊಟ್ಟಿದ್ದ ನೀಲಿ ಹೂವಿನ ನೈಟಿಯನ್ನು, ಕಂಕುಳಲ್ಲಿ ತಾನೇ ತೇಪೆ ಹಾಕಿದ್ದನ್ನು, ಕುರ್ಚಿಯ ಮೇಲೆ ಇಟ್ಟು ಬಾಲ್ಕನಿಗೆ ನಡೆದಳು. ಸಮುದ್ರದ ಕಡೆ ಮುಖ ಮಾಡಿ ನಿಂತವಳು ತಿರುಗಿ ನೋಡಲಿಲ್ಲ.

ಜೋಯ್ಸ್ ಅದನ್ನು ತೊಟ್ಟಳು. ನೋವಿನ ಮುಲಾಮು, ಈರುಳ್ಳಿ, ಬೆವರು... ತನ್ನನ್ನು ಇಷ್ಟು ವರ್ಷ ಸುಟ್ಟವಳ ವಾಸನೆ! ಅವಳು ಮಾತಾಡದೆ ಚಾಪೆಯ ಮೇಲೆ ಕುಳಿತಳು. ಬಹಳ ಹೊತ್ತಿನ ಮೇಲೆ ರಿಯೋನಾ ಹತ್ತಿರ ಬಂದಳು. ನೈಟಿಯ ಅಂಚು ಮೂಸಿದಳು. ಅಜ್ಜಿಯನ್ನು ಕರೆಯುವ ಹಾಗೆ "ಮಾಂಯ್," ಎಂದು ಮಡಿಲಿಗೆ ಮುಖವಿಟ್ಟಳು. ಆಮೇಲೆ ಕತ್ತೆತ್ತಿ ಬೇರೆ ಮುಖ ನೋಡಿದಳು... ಓಡಲಿಲ್ಲ. ಅಲ್ಲೇ ನಿದ್ದೆ ಹೋದಳು. ಅತ್ತೆಯ ಹೆಸರಿನಲ್ಲಿ ಮಗಳು ತನ್ನ ಮಡಿಲಿಗೆ ಬಂದಳೆಂದು ಸಂಕಟಪಡಬೇಕೋ ಸಂತೋಷಪಡಬೇಕೋ ಜೋಯ್ಸಳಿಗೆ ತಿಳಿಯಲಿಲ್ಲ.

ಮೂವರೂ ಹೋದರು. ನೈಟಿಯೂ ಹೋಯಿತು.

ಕುವೈತಿನಲ್ಲಿ ಚಳಿಗಾಲ ಬಂತು. ಒಂದು ಶುಕ್ರವಾರ ಇಗರ್ಜಿಯಿಂದ ಬಂದ ಆಗ್ನೆಸ್ ಫೋನು ಮಾಡಿದಳು. ರಿಯೋನಾಳ ಕೆನ್ನೆ ಬಿಸಿಲಿಗೆ ಕೆಂಪಾಗಿತ್ತು. "ಹಾಯ್ ಫೋನ್ ಮಾಂಯ್! ಲುಕ್! ಇದರ ಮಮ್ಮಿ ಸತ್ತಿದೆ. ಈಗ ನಾನೇ ಮಮ್ಮಿ!" ಎಂದು ಬಾಗಿಲ ಹಿಡಿಗೆ ತೂಗುಹಾಕಿದ ಚೀಲವನ್ನು ತೋರಿಸಿದಳು. ಒಳಗಿನಿಂದ ಎರಡು ಕಿವಿ ಹೊರಗೆ ಇಣುಕಿದವು.

ಚೀಲದ ಬಟ್ಟೆಯಲ್ಲಿ ನೀಲಿ ಹೂವುಗಳಿದ್ದವು. ಮಗ್ಗುಲಲ್ಲಿ ತೇಪೆ.

ಮಗು ಆಡಲು ಓಡಿತು. ಆಗ್ನೆಸ್ ಸೊಸೆಯನ್ನು ಕೇಳಿದಳು: "ಅದನ್ನು ಒಗೆದಿಯಾ?"

ಜೋಯ್ಸ್ ಚೀಲದ ತೇಪೆ ಸವರಿದಳು. "ಒಗೆದೆ, ಮಾಂಯ್... ಅವಳಿಗೆ ಈಗ ಅದು ಬೇಡ."

"ಒಳ್ಳೇದಾಯ್ತು ಬಾಯಿ," ಎಂದಳು ಆಗ್ನೆಸ್.

ಸಂಜೆ ಡೋಲ್ಫಿ ಬಂದರಿನಿಂದ ಬಂದ. ಬೈಗಳಿಗೆ ಮೊದಲೇ ಅಂಗಿ ಕಳಚಿ ಬಕೆಟಿನ ಕಡೆ ನಡೆದ.

"ಎಲ್ಲಿಯ ಹಡಗು?"

"ಅಲ್ಲಿಯದೇ."

ಆಗ್ನೆಸ್ ಅವನ ಕೈಯಿಂದ ಅಂಗಿಯನ್ನು ತೆಗೆದುಕೊಂಡಳು. ಹುಲ್ಲು, ಸಗಣಿ, ಉಪ್ಪುನೀರು ಹತ್ತಿದ ಆ ಬಟ್ಟೆಯನ್ನು ಮೂಗಿಗೆ ಒತ್ತಿ ಹಿಡಿದಳು.

"ಇವತ್ತು ಬೇಡ. ನಾಳೆ ಒಗೀತೇನೆ," ಎಂದಳು.