ಮತಗಟ್ಟೆಯ ಅಪಾಯಮಾಪಿ

ಮತಗಟ್ಟೆಯ ಬಾಗಿಲ ಮೇಲಿದ್ದ ಅಪಾಯಮಾಪಿ ಎಪ್ಪತ್ತೆಂಟರಿಂದ ಎಂಬತ್ತಾರಕ್ಕೆ ಏರಿತು. ಸಾಲಿನಲ್ಲಿದ್ದವರು ತಲೆಯೆತ್ತಿ ನೋಡಿದರು. ದೇಶದ ಮೇಲೆ ದಾಳಿಯಾಗುವ ಸಂಭವ ನೂರಕ್ಕೆ ಎಷ್ಟು ಎಂದು ತೋರಿಸುವ ಆ ಯಂತ್ರ 2094ರ ಹೊತ್ತಿಗೆ ಪ್ರತಿ ಊರಿನಲ್ಲೂ ಇತ್ತು. ಆ ವರ್ಷ ಜನರೇ ನೇರವಾಗಿ ರಾಷ್ಟ್ರಾಧ್ಯಕ್ಷರನ್ನು ಆರಿಸುತ್ತಿದ್ದರು. ಕಣದಲ್ಲಿ ಇಬ್ಬರು: ಕರಾವಳಿಯನ್ನೇ ಮುಚ್ಚಿ ಕಾವಲು ಹಾಕುತ್ತೇನೆಂದ ನಿವೃತ್ತ ನೌಕಾಧಿಪತಿ, ತಾಲ್ಲೂಕಿಗೊಂದು ದೊಡ್ಡಾಸ್ಪತ್ರೆ ಕಟ್ಟಿಸುತ್ತೇನೆಂದ ವೈದ್ಯೆ.

ಕಾರವಾರದ ಆ ಸಾಲಿನಲ್ಲಿ ಯಂತ್ರವನ್ನು ರೂಪಿಸಿದ ವಿಜ್ಞಾನಿ ಅಂಬುಜಾಕ್ಷಿಯೂ ಇದ್ದರು. ಅವರ ಮುಂದೆ ನಿಂತಿದ್ದವಳು ಮನೆಮನೆಗೆ ಮೀನು ಮಾರುವ ಸೋಮಿ ಹರಿಕಂತ್ರ. ಹೋದ ವರ್ಷ ಹೆರಿಗೆಗೆಂದು ಹುಬ್ಬಳ್ಳಿಗೆ ಸಾಗಿಸುವಾಗ ಅವಳ ಮಗಳು ದಾರಿಯಲ್ಲೇ ತೀರಿಕೊಂಡಿದ್ದಳು.

"ಅಮ್ಮಾ, ಎಂಬತ್ತಾರು ಅಂದ್ರೆ ಶತ್ರು ಹಡಗು ಹತ್ರ ಬಂತಾ?"

"ಇಲ್ಲ ಸೋಮಿ. ಇದು ಉಪಗ್ರಹದ ಚಿತ್ರ ನೋಡುತ್ತೆ, ಹಡಗುಗಳ ಸಂಕೇತ ಕೇಳುತ್ತೆ. ಜನ ಏನು ಮಾತಾಡ್ತಾರೆ, ಎಷ್ಟು ಅಕ್ಕಿ ಕೂಡಿಡ್ತಾರೆ ಅನ್ನೋದನ್ನೂ ಸೇರಿಸಿಕೊಳ್ಳುತ್ತೆ. ಈ ತಿಂಗಳು ಸಮುದ್ರದಲ್ಲಿ ಏನೂ ಆಗಿಲ್ಲ. ಏರಿರೋದು ಬರೀ ನಮ್ಮ ಹೆದರಿಕೆ."

"ಅದನ್ನ ನೋಡಿ ನಾವು ಹೆದ್ರೂದು, ನಾವು ಹೆದ್ರಿದ್ದು ನೋಡಿ ಅದು ಏರೂದು. ಹಂಗಾ?"

"ಹಾಗೇ. ಸರಿಪಡಿಸಬೇಕು ಅಂತ ಮೂರು ಸಲ ಇಲಾಖೆಗೆ ಬರೆದೆ. ಚುನಾವಣೆ ಮುಗೀಲಿ ಅಂದ್ರು."

ಸೋಮಿ ಒಳಗೆ ಹೋಗಿ ಬಂದಳು. "ಡಾಕ್ಟರಮ್ಮಂಗೇ ಹಾಕ್ದೆ. ನೀವು ಹೇಳಿದ್ದು ಕೇಳಿ ಧೈರ್ಯ ಬಂತು," ಎಂದು ಪಿಸುಗುಟ್ಟಿ ಹೊರಟಳು.

ಅಂಬುಜಾಕ್ಷಿ ವೈದ್ಯೆಗೇ ಮತ ಹಾಕಲೆಂದು ಬಂದಿದ್ದರು. ಮತಯಂತ್ರದ ಮುಂದೆ ನಿಂತಾಗ ಹೊರಗಿನಿಂದ ಯಾರೋ "ತೊಂಬತ್ತೊಂದು" ಎಂದರು. ಅವರ ಒಬ್ಬನೇ ಮಗ ಗಸ್ತು ಹಡಗಿನಲ್ಲಿದ್ದ. ಆ ಅಂಕಿಯೊಳಗೆ ಏನಿದೆ, ಏನಿಲ್ಲ ಎಂಬುದನ್ನು ದೇಶದಲ್ಲಿ ಅವರಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಆದರೂ ಅವರು ನೌಕಾಧಿಪತಿಯ ಗುಂಡಿ ಒತ್ತಿದರು. ನಾಚಿಕೆಯಾಗಲಿಲ್ಲ, ದುಃಖವೂ ಆಗಲಿಲ್ಲ. ಶಾಯಿ ಒಣಗುವವರೆಗೆ ಬೆರಳು ಚಾಚಿಕೊಂಡೇ ಮನೆಗೆ ನಡೆದರು.

ನೌಕಾಧಿಪತಿ ಗೆದ್ದರು. ವಾರದೊಳಗೆ ಅಪಾಯಮಾಪಿ ಹತ್ತೊಂಬತ್ತಕ್ಕೆ ಇಳಿಯಿತು. ಆದರೂ ಮೀನುಗಾರರ ದೋಣಿಗಳಿಗೆ ಸಮುದ್ರ ಮುಚ್ಚಿತು.

ತಿಂಗಳು ಕಳೆದ ಮೇಲೆ ಸೋಮಿ ಮನೆಗೆಲಸ ಕೇಳಿಕೊಂಡು ಅಂಬುಜಾಕ್ಷಿಯವರ ಬಾಗಿಲಿಗೆ ಬಂದಳು. ಅವರ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು.

"ನಮ್ ಎರಡೂ ಮತ ದಂಡ ಆಯ್ತಲ್ರಾ ಅಮ್ಮಾ. ಆದ್ರೂ ನಾವಿಬ್ರು ಹೆದ್ರಲಿಲ್ಲ. ಬೇಜಾರ್ ಮಾಡ್ಕಬೇಡಿ."

ಅಂಬುಜಾಕ್ಷಿ "ಹೌದು" ಎಂದರು. ನಾಳೆಯಿಂದಲೇ ಬಾ ಎಂದೂ ಹೇಳಿದರು.